ದಣಿದ ದಿನದ ಸಂಜೆಗೊಂದು ಸ್ಟೇಕ್ ಊಟ: ಉಪ್ಪು ಹಾಕುವುದರಿಂದ ಬಾಣಲೆ ತೊಳೆಯುವವರೆಗೆ

ಮನಸ್ಸು ಕುದಿಯುತ್ತಿರುವ ಸಂಜೆಗಳಲ್ಲಿ ಅಡುಗೆಮನೆಗೆ ಹೋಗಿ ನಿಲ್ಲುವುದು ನನಗೆ ಬಹಳ ವರ್ಷಗಳಿಂದ ರೂಢಿಯಾಗಿದೆ. ಆದರೆ ಎಲ್ಲ ಅಡುಗೆಯೂ ಮನಸ್ಸನ್ನು ಹಗುರಗೊಳಿಸುವುದಿಲ್ಲ. ಹತ್ತಾರು ಪದಾರ್ಥ, ಮೂರು ನಾಲ್ಕು ಪಾತ್ರೆ, ಗಂಟೆಗಟ್ಟಲೆ ಕೆಲಸ ಬೇಡುವ ಅಡುಗೆ ಇರುವ ದಣಿವಿನ ಮೇಲೆ ಇನ್ನೊಂದಿಷ್ಟು ದಣಿವನ್ನು ಹೇರುತ್ತದೆ. ಎರಡೇ ನಿಮಿಷದಲ್ಲಿ ಮುಗಿಯುವ ಅಡುಗೆಯಲ್ಲಿ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೂ ತಲೆಯೊಳಗಿನ ವಾದವಿವಾದ ನಿಲ್ಲುವುದಿಲ್ಲ. ಸ್ಟೇಕ್, ಅಂದರೆ ಬಾಣಲೆಯಲ್ಲಿ ಹುರಿದ ಮಾಂಸದ ದಪ್ಪ ತುಂಡು, ಇವೆರಡರ ನಡುವೆ ಇರುವ ಅಡುಗೆ. ಅದಕ್ಕೆ ಬೇಕಾಗುವ ಪದಾರ್ಥಗಳು ಬೆರಳೆಣಿಕೆಯಷ್ಟು, ಬಾಣಲೆಯ ಮುಂದೆ ನಿಲ್ಲುವ ಹೊತ್ತು ಎಂಟು ಹತ್ತು ನಿಮಿಷ, ಆದರೆ ಅಷ್ಟು ಹೊತ್ತು ಅದು ನಿಮ್ಮ ಕಣ್ಣು, ಕಿವಿ, ಮೂಗುಗಳನ್ನು ಪೂರ್ತಿಯಾಗಿ ಕೇಳುತ್ತದೆ. ಅದಕ್ಕೆ ಮೊದಲು ಉಪ್ಪು ಹಿಡಿಯುವವರೆಗೆ ಕಾಯಬೇಕು, ಬೆಂದ ಮೇಲೆ ಮಾಂಸದ ಕಾವು ಇಳಿಯುವವರೆಗೆ ಮತ್ತೆ ಕಾಯಬೇಕು. ಈ ಎರಡು ಕಾಯುವಿಕೆಗಳು ಮತ್ತು ಅವುಗಳ ನಡುವಿನ ಕೆಲವೇ ನಿಮಿಷಗಳ ಏಕಾಗ್ರತೆ, ಇವೇ ನನ್ನ ಮಟ್ಟಿಗೆ ಸ್ಟೇಕ್ ಊಟ ಕೊಡುವ ನೆಮ್ಮದಿಯ ಮೂಲ. ಆದ್ದರಿಂದ ಎಲ್ಲಿಯೂ ಓಡಾಡಿಕೊಂಡು ಮಾಡಬೇಕಾದ ಪರಿಸ್ಥಿತಿ ಬಾರದ ಹಾಗೆ ಕೆಲಸಗಳ ಕ್ರಮವನ್ನು ಇಲ್ಲಿ ಜೋಡಿಸಿದ್ದೇನೆ.

ಈ ಕ್ರಮವನ್ನು ನಾನು ಕಲಿತದ್ದು ಒಂದು ಕೆಟ್ಟ ಸಂಜೆಯಿಂದ. ಕೆಲಸದ ಜಾಗದಲ್ಲಿ ನಡೆದ ಮಾತಿನ ಚಕಮಕಿಯನ್ನು ತಲೆಯಲ್ಲಿ ಹೊತ್ತುಕೊಂಡೇ ಮನೆಗೆ ಬಂದು, ಫ್ರಿಜ್ಜಿನಿಂದ ತೆಗೆದ ಮಾಂಸವನ್ನು ಒರೆಸದೆ, ಇನ್ನೂ ಸರಿಯಾಗಿ ಕಾಯದ ಬಾಣಲೆಗೆ ಎರಡೂ ತುಂಡುಗಳನ್ನು ಒಟ್ಟಿಗೇ ಹಾಕಿಬಿಟ್ಟೆ. ಮಾಂಸ ನೀರು ಬಿಟ್ಟುಕೊಂಡು ತನ್ನದೇ ಹಬೆಯಲ್ಲಿ ಬೆಂದು ಬೂದು ಬಣ್ಣಕ್ಕೆ ತಿರುಗಿತು. ಅದನ್ನು ಸರಿಪಡಿಸಲು ಉರಿ ಏರಿಸಿದಾಗ ಬೆಣ್ಣೆ ಸೀದುಹೋಯಿತು. ಅಷ್ಟರಲ್ಲಿ ಆಲೂಗಡ್ಡೆ ಬೇಯಲು ಇಟ್ಟೇ ಇಲ್ಲವೆಂಬುದು ನೆನಪಾಯಿತು. ಅಂದು ಊಟ ಮುಗಿಯುವ ಹೊತ್ತಿಗೆ ಮನಸ್ಸು ಮನೆಗೆ ಬಂದಾಗಿನದಕ್ಕಿಂತ ಹೆಚ್ಚು ಕದಡಿತ್ತು. ಅಡುಗೆಯೊಂದೇ ಸಮಾಧಾನ ಕೊಡುವುದಿಲ್ಲ, ಅಡುಗೆಯ ಕ್ರಮವೂ ಬೇಕು ಎಂಬುದು ಆಗ ಸ್ಪಷ್ಟವಾಯಿತು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಿಂತಲ್ಲೇ ಕಣ್ಣು ಮುಚ್ಚಿಹೋಗುವಷ್ಟು ಆಯಾಸವಾಗಿದ್ದರೆ ಹರಿತವಾದ ಚಾಕು ಮತ್ತು ಹೊಗೆಯಾಡುವ ಬಾಣಲೆಯ ಹತ್ತಿರ ಹೋಗಬೇಡಿ. ಇರುವುದನ್ನು ತಿಂದು ಮಲಗಿ, ಸ್ಟೇಕ್ ನಾಳೆಯೂ ಆಗುತ್ತದೆ. ಹಾಗೆಯೇ ವಾರಗಟ್ಟಲೆ ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮುಂತಾದವು ಅಡುಗೆಯಿಂದ ಪರಿಹಾರವಾಗುವ ಸಂಗತಿಗಳಲ್ಲ, ಅದಕ್ಕೆ ವೈದ್ಯರನ್ನೇ ಕಾಣಬೇಕು. ಇಲ್ಲಿ ಹೇಳುತ್ತಿರುವುದು ದಿನನಿತ್ಯದ ಒತ್ತಡದ ವಿಷಯ.

ಒತ್ತಡಕ್ಕೂ ಒಲೆಗೂ ಏನು ಸಂಬಂಧ

ಒತ್ತಡದಲ್ಲಿ ದೇಹವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳನ್ನು ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ. ಕಾರಣವಾದ ಘಟನೆ ಮುಗಿದುಹೋಗಿದ್ದರೂ ಮನಸ್ಸು ಅದನ್ನೇ ಮೆಲುಕು ಹಾಕುತ್ತಿದ್ದರೆ ದೇಹ ಆ ಸ್ಥಿತಿಯಿಂದ ಬೇಗ ಹೊರಬರುವುದಿಲ್ಲ. ಮೆಲುಕು ಹಾಕುವುದನ್ನು ನಿಲ್ಲಿಸೆಂದು ಮನಸ್ಸಿಗೆ ಆಜ್ಞೆ ಮಾಡಿದರೆ ಅದು ಕೇಳುವುದಿಲ್ಲ, ಅದರ ಕೈಗೆ ಬೇರೊಂದು ಕೆಲಸ ಕೊಡಬೇಕು. ಮನಶ್ಶಾಸ್ತ್ರಜ್ಞ ಮಿಹಾಯ್ ಚೀಕ್‌ಸೆಂಟ್‌ಮಿಹಾಯ್ ಅವರು ಫ್ಲೋ ಎಂದು ಕರೆದ ತಲ್ಲೀನತೆಯ ಸ್ಥಿತಿಗೆ ಅವರು ಗುರುತಿಸಿದ ಲಕ್ಷಣಗಳು ಇಲ್ಲಿ ನೆನಪಾಗುತ್ತವೆ: ಗುರಿ ಸ್ಪಷ್ಟವಾಗಿರಬೇಕು, ಮಾಡಿದ್ದರ ಫಲ ಆಗಲೇ ಕಾಣಬೇಕು, ಕೆಲಸದ ಕಷ್ಟ ನಮ್ಮ ಕೌಶಲಕ್ಕೆ ಹೊಂದಿಕೊಂಡಿರಬೇಕು. ಕಾದ ಬಾಣಲೆಯ ಮೇಲಿನ ಮಾಂಸದ ತುಂಡಿನಲ್ಲಿ ಈ ಮೂರೂ ಇವೆ. ಉರಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದನ್ನು ಅದರ ಸದ್ದೇ ಆ ಕ್ಷಣದಲ್ಲಿ ತಿಳಿಸುತ್ತದೆ.

ವಾಸನೆಯ ಪಾತ್ರವೂ ಸಣ್ಣದಲ್ಲ. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸಂಕೇತಗಳು ಮಿದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಯ ಸಂಕೇತಗಳು ಹಾಗಲ್ಲದೆ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳನ್ನು ನೇರವಾಗಿ ತಲುಪುತ್ತವೆ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಬಾಡುವ ಪರಿಮಳಕ್ಕೆ ಮನಸ್ಸು ಅಷ್ಟು ಬೇಗ ಮಿಡಿಯುವುದು ಈ ದೃಷ್ಟಿಯಿಂದ ಆಶ್ಚರ್ಯವಲ್ಲ.

ಮಾಂಸದ ಆಯ್ಕೆ

ಸ್ಟೇಕ್ ಎಂದರೆ ಸಾಮಾನ್ಯವಾಗಿ ದನದ ಮಾಂಸವನ್ನು ಅದರ ಎಳೆಗಳಿಗೆ ಅಡ್ಡಲಾಗಿ ಕೊಯ್ದ ದಪ್ಪ ತುಂಡು. ಪ್ರಾಣಿ ನಡೆಯುವಾಗ ಕಡಿಮೆ ದುಡಿಯುವ ಬೆನ್ನಿನ ಭಾಗದ ಮಾಂಸ ಮೃದುವಾಗಿರುತ್ತದೆ. ಕಾಲು, ಭುಜ, ಕತ್ತಿನ ಮಾಂಸದಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಹೆಚ್ಚಿರುವುದರಿಂದ ಅದು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದರೆ ಮಾತ್ರ ಮೆತ್ತಗಾಗುತ್ತದೆ. ಹತ್ತು ನಿಮಿಷದ ಅಡುಗೆಗೆ ಬೆನ್ನಿನ ಭಾಗವೇ ಸರಿ. ಅದರಲ್ಲೂ ಮೊದಲ ಸಲ ಮಾಡುವವರಿಗೆ ನಾನು ಪಕ್ಕೆಲುಬಿನ ಭಾಗದ ರಿಬ್‌ಐ ತುಂಡನ್ನೇ ಸೂಚಿಸುತ್ತೇನೆ. ಅದರ ಒಳಗೆಲ್ಲ ಹರಡಿಕೊಂಡ ಬಿಳಿಯ ಕೊಬ್ಬಿನ ಎಳೆಗಳು ಬೇಯುವಾಗ ಕರಗಿ ಮಾಂಸವನ್ನು ರಸಭರಿತವಾಗಿ ಇಡುವುದರಿಂದ, ಒಂದೆರಡು ನಿಮಿಷ ಹೆಚ್ಚು ಬೆಂದರೂ ಊಟ ಕೆಡುವುದಿಲ್ಲ. ತಪ್ಪನ್ನು ಕ್ಷಮಿಸುವ ತುಂಡು ಒತ್ತಡದ ದಿನಕ್ಕೆ ಒಳ್ಳೆಯ ಜೊತೆಗಾರ. ಟೆಂಡರ್‌ಲಾಯಿನ್ ಎಲ್ಲಕ್ಕಿಂತ ಮೃದು, ಆದರೆ ಕೊಬ್ಬು ಕಡಿಮೆಯಾದ್ದರಿಂದ ಸ್ವಲ್ಪ ಹೆಚ್ಚು ಬೆಂದರೆ ಒಣಗುತ್ತದೆ. ಸ್ಟ್ರಿಪ್ ತುಂಡು ಇವೆರಡರ ಮಧ್ಯೆ ನಿಲ್ಲುತ್ತದೆ.

ಯಾವ ಭಾಗವಾದರೂ ದಪ್ಪದ ವಿಷಯದಲ್ಲಿ ಮಾತ್ರ ರಾಜಿಯಾಗಬೇಡಿ. ಕನಿಷ್ಠ 3 ಸೆಂಟಿಮೀಟರ್ ದಪ್ಪ ಬೇಕು. ತೆಳ್ಳಗಿನ ತುಂಡಿನಲ್ಲಿ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಪೂರ್ತಿ ಬೆಂದುಹೋಗಿರುತ್ತದೆ, ಮತ್ತು ಅದರ ಜೊತೆ ನೀವೂ ಓಡಬೇಕಾಗುತ್ತದೆ. ದಪ್ಪ ತುಂಡು ನಿಮಗೆ ಕಾಲಾವಕಾಶ ಕೊಡುತ್ತದೆ. ಇಬ್ಬರಿಗೆ 250ರಿಂದ 300 ಗ್ರಾಂ ತೂಕದ ಎರಡು ತುಂಡು ಸಾಕು. ಮಾಂಸ ಫ್ರೀಜರಿನಲ್ಲಿದ್ದರೆ ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ ನಿಧಾನವಾಗಿ ಕರಗಲು ಬಿಡಬೇಕು, ಹೊರಗಿಟ್ಟು ಕರಗಿಸಬಾರದು.

ಜೋಡಿಸಿಕೊಳ್ಳಬೇಕಾದವು

ಇಬ್ಬರ ಊಟಕ್ಕೆ ಎರಡು ತುಂಡು ಮಾಂಸದ ಜೊತೆಗೆ 500 ಗ್ರಾಂ ಆಲೂಗಡ್ಡೆ, 200 ಗ್ರಾಂ ಎಳೆಯ ಬೀನ್ಸ್, 80 ಗ್ರಾಂ ಬೆಣ್ಣೆ, ಅರ್ಧ ಲೋಟ ಹಾಲು, ನಾಲ್ಕು ಎಸಳು ಬೆಳ್ಳುಳ್ಳಿ, ಸಿಕ್ಕರೆ ಥೈಮ್ ಅಥವಾ ರೋಸ್‌ಮರಿ ಎಂಬ ಪರಿಮಳದ ಸೊಪ್ಪಿನ ಎರಡು ಮೂರು ಕಡ್ಡಿ, ಒಂದು ದೊಡ್ಡ ಚಮಚ ಶುದ್ಧೀಕರಿಸಿದ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ, ಉಪ್ಪು ಮತ್ತು ಕಾಳುಮೆಣಸು ಬೇಕಾಗುತ್ತವೆ. ಶುದ್ಧೀಕರಿಸಿದ ಎಣ್ಣೆ ಹೆಚ್ಚಿನ ಕಾವನ್ನು ತಡೆದುಕೊಳ್ಳುತ್ತದೆ; ಬೆಣ್ಣೆಯಲ್ಲಿರುವ ಹಾಲಿನ ಅಂಶ ಅಷ್ಟು ಕಾವಿಗೆ ಕಪ್ಪಾಗಿ ಕಹಿಯಾಗುವುದರಿಂದ ಅದನ್ನು ಕೊನೆಯ ನಿಮಿಷಗಳಲ್ಲಿ ಮಾತ್ರ ಬಳಸಬೇಕು.

ಬಾಣಲೆ ಅಗಲವಾದ ಚಪ್ಪಟೆ ತಳದ್ದಾಗಿರಲಿ, ಭಾರವಾಗಿರಲಿ. ಎರಕದ ಕಬ್ಬಿಣದ್ದು ಉತ್ತಮ, ದಪ್ಪ ತಳದ ಸ್ಟೀಲಿನದೂ ಆಗುತ್ತದೆ. ತಣ್ಣನೆಯ ಮಾಂಸ ಬಿದ್ದಾಗ ತೆಳು ಬಾಣಲೆಯ ಕಾವು ಥಟ್ಟನೆ ಇಳಿದುಬಿಡುತ್ತದೆ, ಭಾರದ ಬಾಣಲೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಟದ ಲೇಪವಿರುವ ಬಾಣಲೆಯನ್ನು ಅತಿಯಾಗಿ ಕಾಯಿಸಬಾರದಾದ್ದರಿಂದ ಅದು ಈ ಕೆಲಸಕ್ಕೆ ಬೇಡ. ಇದರ ಜೊತೆಗೆ ಒಂದು ಉದ್ದನೆಯ ಇಕ್ಕಳ, ಆಳವಾದ ಚಮಚ, ಅಡುಗೆಯ ಥರ್ಮಾಮೀಟರ್. ಕೊನೆಯದು ಐಷಾರಾಮವೆಂದು ಕೆಲವರು ತಿಳಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಒಳಗೆ ಬೆಂದಿತೋ ಇಲ್ಲವೋ ಎಂಬ ಅನುಮಾನವೇ ಈ ಅಡುಗೆಯಲ್ಲಿರುವ ಏಕೈಕ ದೊಡ್ಡ ಆತಂಕ, ಮತ್ತು ಆ ಆತಂಕವನ್ನು ಒಂದು ಸಣ್ಣ ಕಡ್ಡಿ ಎರಡು ಕ್ಷಣದಲ್ಲಿ ಕಳೆಯುತ್ತದೆ.

ಎಲ್ಲವನ್ನೂ ಒಲೆಯ ಪಕ್ಕದಲ್ಲಿ ಜೋಡಿಸಿಟ್ಟುಕೊಂಡ ಮೇಲೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಇದನ್ನು ಸಲಹೆಯಾಗಿ ಅಲ್ಲ, ಪಾಕವಿಧಾನದ ಒಂದು ಹಂತವಾಗಿಯೇ ಓದಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲ ಕಾಯುವಿಕೆ: ಉಪ್ಪು

ಮಾಂಸವನ್ನು ತೊಳೆಯಬೇಡಿ. ತೊಳೆದರೆ ಅದರ ಮೇಲಿನ ಸೂಕ್ಷ್ಮಾಣುಗಳು ಸಿಂಕಿಗೂ ಸುತ್ತಲಿನ ಪಾತ್ರೆಗಳಿಗೂ ಸಿಡಿಯುತ್ತವೆ, ಮಾಂಸದ ಮೇಲ್ಮೈ ನೀರಾಗುತ್ತದೆ, ಲಾಭವೇನೂ ಇಲ್ಲ. ಅಡುಗೆಯ ಪೇಪರ್ ಟವೆಲ್‌ನಿಂದ ಎರಡೂ ಬದಿಯನ್ನು ಒತ್ತಿ ಒರೆಸಿ ಒಂದು ತಟ್ಟೆಯಲ್ಲಿಡಿ. ಮಾಂಸದ ತೂಕದ ನೂರನೇ ಒಂದು ಭಾಗದಷ್ಟು ಉಪ್ಪು ಸಾಕು, ಅಂದರೆ 300 ಗ್ರಾಂ ತುಂಡಿಗೆ 3 ಗ್ರಾಂ, ಸುಮಾರು ಅರ್ಧ ಟೀ ಚಮಚ. ಅದನ್ನು ಬೆರಳ ತುದಿಯಲ್ಲಿ ಹಿಡಿದು ಒಂದು ಗೇಣಿನ ಎತ್ತರದಿಂದ ಉದುರಿಸಿ. ಹತ್ತಿರದಿಂದ ಹಾಕಿದರೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಎತ್ತರದಿಂದ ಬಿದ್ದದ್ದು ಸೋನೆಮಳೆಯ ಹಾಗೆ ಸಮನಾಗಿ ಹರಡುತ್ತದೆ. ಅಂಚುಗಳಿಗೂ ಹಾಕುವುದನ್ನು ಮರೆಯಬೇಡಿ.

ಈಗ ಆ ತುಂಡನ್ನು ಗಮನಿಸುತ್ತಾ ಕೂತುಕೊಳ್ಳಿ. ಐದು ನಿಮಿಷದೊಳಗೆ ಉಪ್ಪಿನ ಕಣಗಳ ಸುತ್ತ ಸಣ್ಣ ಸಣ್ಣ ಹನಿಗಳು ಮೂಡುತ್ತವೆ. ಹತ್ತು ಹದಿನೈದು ನಿಮಿಷಕ್ಕೆ ಅವು ಒಂದಕ್ಕೊಂದು ಕೂಡಿಕೊಂಡು ಇಡೀ ಮೇಲ್ಮೈ ಬೆವರಿದಂತೆ ಹೊಳೆಯುತ್ತದೆ, ಉಪ್ಪಿನ ಕಣಗಳು ಆ ನೀರಿನಲ್ಲಿ ಕರಗಿ ಕಾಣದಾಗುತ್ತವೆ. ಉಪ್ಪು ಒಳಗಿನ ತೇವವನ್ನು ಹೊರಗೆ ಎಳೆದಿರುವ ಹೊತ್ತು ಇದು. ಈ ಸ್ಥಿತಿಯಲ್ಲಿ ಬಾಣಲೆಗೆ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಇನ್ನೂ ಕಾದರೆ ಆ ಉಪ್ಪುನೀರು ನಿಧಾನವಾಗಿ ಮಾಂಸದೊಳಕ್ಕೆ ಹಿಂದಿರುಗುತ್ತದೆ, ನಲವತ್ತು ನಿಮಿಷದ ಹೊತ್ತಿಗೆ ಮೇಲ್ಮೈ ಬಹುಪಾಲು ಮತ್ತೆ ಒಣಗಿ, ಬಣ್ಣ ಸ್ವಲ್ಪ ಗಾಢವಾಗಿರುತ್ತದೆ. ಒಳಗೆ ಹೋದ ಉಪ್ಪು ರುಚಿ ಕೊಡುವುದಷ್ಟೇ ಅಲ್ಲದೆ ಮಾಂಸದ ಪ್ರೋಟೀನಿನ ಬಿಗುವನ್ನು ಸಡಿಲಿಸಿ, ಬೇಯುವಾಗ ರಸ ಉಳಿಯುವಂತೆಯೂ ಮಾಡುತ್ತದೆ. ಆದ್ದರಿಂದ ಉಪ್ಪು ಹಾಕಿ ಕನಿಷ್ಠ ನಲವತ್ತು ನಿಮಿಷ ಬಿಡಿ. ಅಷ್ಟು ಸಮಯವಿಲ್ಲದಿದ್ದರೆ ಬಾಣಲೆಗೆ ಹಾಕುವ ಕ್ಷಣದಲ್ಲೇ ಹಾಕಿ. ಹಿಂದಿನ ರಾತ್ರಿಯೇ ಉಪ್ಪು ಹಾಕಿ, ಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್ಜಿನಲ್ಲಿ ಬಿಟ್ಟರೆ ಫಲಿತಾಂಶ ಇನ್ನೂ ಚೆನ್ನ, ಏಕೆಂದರೆ ಮೇಲ್ಮೈ ಕಾಗದದಷ್ಟು ಒಣಗಿರುತ್ತದೆ. ನಾಳೆಯ ದಿನ ಕಠಿಣವಾಗಲಿದೆ ಎಂದು ಗೊತ್ತಿರುವ ರಾತ್ರಿ ನಾನು ಹೀಗೆ ಮಾಡಿಡುತ್ತೇನೆ.

ಬೇಯಿಸುವ ಮೊದಲು ಮಾಂಸವನ್ನು ಹೊರಗಿಟ್ಟು ಕೋಣೆಯ ಉಷ್ಣತೆಗೆ ತರಬೇಕೆಂಬ ಮಾತು ಬಹಳ ಚಾಲ್ತಿಯಲ್ಲಿದೆ. ದಪ್ಪ ತುಂಡಿನ ನಡುಭಾಗ ಅರ್ಧ ಗಂಟೆಯಲ್ಲಿ ಕೆಲವೇ ಡಿಗ್ರಿ ಏರುತ್ತದೆ, ಹಾಗಾಗಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಣಗಿರುವುದೇ ಮುಖ್ಯ.

ನಲವತ್ತು ನಿಮಿಷದಲ್ಲಿ ಜೊತೆಯ ತಿನಿಸುಗಳು

ಆಲೂಗಡ್ಡೆಯ ಸಿಪ್ಪೆ ತೆಗೆದು ನಿಂಬೆಹಣ್ಣಿನ ಗಾತ್ರದ ಹೋಳುಗಳನ್ನು ಮಾಡಿ, ತಣ್ಣೀರಿನಲ್ಲಿ ಉಪ್ಪು ಸೇರಿಸಿ ಒಲೆಯ ಮೇಲಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಭಾಗ ಕರಗಿದರೂ ಒಳಭಾಗ ಗಟ್ಟಿಯಾಗಿ ಉಳಿಯುತ್ತದೆ, ತಣ್ಣೀರಿನಿಂದ ಶುರುಮಾಡಿದರೆ ಸಮನಾಗಿ ಬೇಯುತ್ತದೆ. ಕುದಿ ಬಂದ ಮೇಲೆ ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಚಾಕು ಸಲೀಸಾಗಿ ಇಳಿಯುತ್ತದೆ. ನೀರು ಬಸಿದು, ಖಾಲಿ ಪಾತ್ರೆಯಲ್ಲೇ ಒಂದು ನಿಮಿಷ ಸಣ್ಣ ಉರಿಯಲ್ಲಿಟ್ಟು ಹಬೆ ಹೋಗಲು ಬಿಟ್ಟು, 40 ಗ್ರಾಂ ಬೆಣ್ಣೆ ಹಾಕಿ ಸೌಟಿನಿಂದ ಮಸೆದು, ಬಿಸಿಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ನಿಮಗೆ ಬೇಕಾದ ಹದಕ್ಕೆ ತನ್ನಿ. ಮಿಕ್ಸಿಗೆ ಹಾಕಿದರೆ ಪಿಷ್ಟವೆಲ್ಲ ಬಿಟ್ಟುಕೊಂಡು ಅಂಟಿನ ಹಾಗಾಗುತ್ತದೆ. ಮುಚ್ಚಿಟ್ಟರೆ ಅರ್ಧ ಗಂಟೆ ಬಿಸಿಯಾಗಿಯೇ ಇರುತ್ತದೆ.

ಬೀನ್ಸಿನ ತುದಿಗಳನ್ನು ಮುರಿದು, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ನಾಲ್ಕು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಬಸಿದಿಡಿ. ಹಸಿರು ಬಣ್ಣ ಹಾಗೇ ಉಳಿಯುತ್ತದೆ. ಅದನ್ನು ಕೊನೆಯಲ್ಲಿ ಮಾಂಸದ ಬಾಣಲೆಯಲ್ಲೇ ಬಿಸಿಮಾಡಿಕೊಳ್ಳುತ್ತೇವೆ.

ಸಾಸ್ ಮಾಡಬೇಡವೇ ಎಂದು ಕೇಳುವವರಿದ್ದಾರೆ. ಬೇಡ. ಬಾಣಲೆಯಲ್ಲಿ ಉಳಿಯುವ ಬೆಣ್ಣೆಯೇ ಸಾಸ್. ಇನ್ನೊಂದು ಪಾತ್ರೆ, ಇನ್ನೊಂದು ಗಡಿಬಿಡಿ ಇಂದಿನ ಸಂಜೆಗೆ ಹೊಂದುವುದಿಲ್ಲ.

ಬಾಣಲೆಯ ಮುಂದೆ

ಕಿಟಕಿ ತೆರೆಯಿರಿ, ಹೊಗೆ ಹೊರಹಾಕುವ ಫ್ಯಾನ್ ಇದ್ದರೆ ಹಾಕಿ. ಖಾಲಿ ಬಾಣಲೆಯನ್ನು ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚಿನ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ಅಷ್ಟರಲ್ಲಿ ಮಾಂಸವನ್ನು ಇನ್ನೊಮ್ಮೆ ಒತ್ತಿ ಒರೆಸಿ. ಮೇಲೆ ಹಾಕಿದ್ದ ಉಪ್ಪು ಒಳಗೆ ಹೋಗಿಯಾಗಿದೆ, ಒರೆಸಿದರೆ ಹೋಗುವುದಿಲ್ಲ. ಈ ಬಿಡುವಿನಲ್ಲಿ ನಾನು ಮಾಡುವ ಇನ್ನೊಂದು ಕೆಲಸವಿದೆ: ಒಲೆಯ ಮುಂದೆ ನೆಟ್ಟಗೆ ನಿಂತು, ನಾಲ್ಕು ಎಣಿಸುವವರೆಗೆ ಉಸಿರೆಳೆದುಕೊಂಡು, ಆರು ಎಣಿಸುವವರೆಗೆ ನಿಧಾನವಾಗಿ ಬಿಡುವುದು. ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಸಾಗುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ಕೊಂಚ ನಿಧಾನವಾಗುತ್ತದೆ, ಆದ್ದರಿಂದ ಬಿಡುವ ಉಸಿರು ಉದ್ದವಾಗಿರಬೇಕು. ಹತ್ತು ಉಸಿರಾಗುವಷ್ಟರಲ್ಲಿ ಬಾಣಲೆಯೂ ಬಹುಮಟ್ಟಿಗೆ ಕಾದಿರುತ್ತದೆ.

ಎಣ್ಣೆ ಹಾಕಿ ಬಾಣಲೆಯನ್ನು ಓರೆಮಾಡಿ ತಳಕ್ಕೆಲ್ಲ ಹರಡಿಸಿ. ಎಣ್ಣೆ ನೀರಿನಷ್ಟು ತೆಳುವಾಗಿ ಹರಿದು, ಹೊಗೆಯ ಮೊದಲ ಎಳೆ ಎದ್ದಾಗ ಮಾಂಸವನ್ನು ನಿಮ್ಮ ಕಡೆಯಿಂದ ಆಚೆ ಕಡೆಗೆ ಮಲಗಿಸಿ, ಎಣ್ಣೆ ಮೈಮೇಲೆ ಸಿಡಿಯದಂತೆ. ಜೋರಾಗಿ ಚುಂಯ್ ಎನ್ನಬೇಕು. ಸದ್ದು ಬರದಿದ್ದರೆ ತಕ್ಷಣ ಮೇಲಕ್ಕೆತ್ತಿ ಇನ್ನೊಂದು ನಿಮಿಷ ಕಾಯಿರಿ. ಎರಡು ತುಂಡುಗಳ ನಡುವೆ ಎರಡು ಬೆರಳಷ್ಟು ಜಾಗ ಇಲ್ಲವೆಂದಾದರೆ ಒಂದಾದ ಮೇಲೆ ಒಂದು ಬೇಯಿಸಿ.

ಒಣಗಿರಬೇಕೆಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸ್ಟೇಕಿನ ಮೇಲಿನ ಕಂದು ಪದರ ಮತ್ತು ಅದರ ಘಮ ಬರುವುದು ಪ್ರೋಟೀನಿನ ಅಮೈನೋ ಆಮ್ಲಗಳು ಸಕ್ಕರೆಯ ಅಂಶದೊಂದಿಗೆ ಕಾವಿನಲ್ಲಿ ವರ್ತಿಸುವುದರಿಂದ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೇಲೆ ಚುರುಕಾಗಿ ನಡೆಯುತ್ತದೆ. ಮೇಲ್ಮೈಯಲ್ಲಿ ನೀರಿರುವವರೆಗೆ ಅದರ ಉಷ್ಣತೆ ನೀರು ಕುದಿಯುವ 100 ಡಿಗ್ರಿಯನ್ನು ದಾಟುವುದಿಲ್ಲ. ನನ್ನ ಅಂದಿನ ಬೂದು ಬಣ್ಣದ ಸ್ಟೇಕಿಗೆ ಕಾರಣ ಇದೇ. ಹೊರಭಾಗವನ್ನು ಕೆಂಪಗೆ ಹುರಿದರೆ ಒಳಗಿನ ರಸಕ್ಕೆ ಬೀಗ ಬೀಳುತ್ತದೆ ಎಂಬ ನಂಬಿಕೆ, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ ಅವರಿಂದ ಪ್ರಚಾರಕ್ಕೆ ಬಂದದ್ದು, ತಪ್ಪೆಂದು ಸಾಬೀತಾಗಿದೆ. ಹುರಿದ ಮಾಂಸವೂ ರಸ ಬಿಡುತ್ತದೆ. ಬಾಣಲೆಯಲ್ಲಿ ಕೊನೆಯವರೆಗೂ ಕೇಳುವ ಆ ಚುಂಯ್ ಸದ್ದು ಹೊರಬರುತ್ತಿರುವ ರಸದ್ದೇ. ನಾವು ಹುರಿಯುವುದು ಬಣ್ಣಕ್ಕೆ, ಘಮಕ್ಕೆ, ರುಚಿಗೆ.

ಮೊದಲ ಒಂದು ನಿಮಿಷ ಮುಟ್ಟಬೇಡಿ. ಆಮೇಲೆ ಮಗುಚಿ, ಅಲ್ಲಿಂದಾಚೆಗೆ ಪ್ರತಿ ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೊಮ್ಮೆ ಮಗುಚುತ್ತಾ ಇರಿ. ಒಂದೇ ಸಲ ಮಗುಚಬೇಕೆಂಬ ಹಳೆಯ ನಿಯಮಕ್ಕಿಂತ ಇದು ಮೇಲು, ಏಕೆಂದರೆ ಎರಡೂ ಬದಿಯಿಂದ ಕಾವು ಸಮನಾಗಿ ಒಳಸೇರಿ ಬೇಗ ಬೇಯುತ್ತದೆ, ಹೊರಗಿನ ಬೂದು ಪಟ್ಟಿ ತೆಳುವಾಗಿರುತ್ತದೆ. ಮನಸ್ಸಿಗೂ ಇದೇ ಒಳ್ಳೆಯದು. ಮಗುಚುವುದು, ನೋಡುವುದು, ಕೇಳುವುದು, ಮತ್ತೆ ಮಗುಚುವುದು ಎಂಬ ಲಯ ಕೂಡಿಕೊಂಡ ಮೇಲೆ ಬೇರೆ ಯೋಚನೆಗೆ ಜಾಗ ಉಳಿಯುವುದಿಲ್ಲ. ಸದ್ದು ಒದ್ದೆಯಾಗಿ ಗುಳುಗುಳು ಎಂದರೆ ಉರಿ ಸಾಲದು. ಪಟಪಟ ಸಿಡಿದು ಹೊಗೆ ದಟ್ಟವಾದರೆ ಹೆಚ್ಚಾಯಿತು. ಒಂದೇ ಸಮನೆ ಚುರುಗುಟ್ಟುತ್ತಿದ್ದರೆ ಸರಿಯಾಗಿದೆ. ನಡುವೆ ಒಮ್ಮೆ ಇಕ್ಕಳದಿಂದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಅಂಚಿನ ಕೊಬ್ಬನ್ನು ಬಾಣಲೆಗೆ ತಾಗಿಸಿ ಒಂದು ನಿಮಿಷ ಹಿಡಿದುಕೊಳ್ಳಿ. ಬಿಳಿಯ ಕೊಬ್ಬು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ.

ನಾಲ್ಕೈದು ನಿಮಿಷದಲ್ಲಿ ಎರಡೂ ಬದಿ ಕಂದಾದಾಗ ಉರಿಯನ್ನು ಮಧ್ಯಮಕ್ಕಿಂತ ಕೆಳಗಿಳಿಸಿ, ಉಳಿದ 40 ಗ್ರಾಂ ಬೆಣ್ಣೆ, ಸಿಪ್ಪೆಸಮೇತ ಜಜ್ಜಿದ ಬೆಳ್ಳುಳ್ಳಿ, ಥೈಮ್ ಕಡ್ಡಿಗಳನ್ನು ಹಾಕಿ. ಬೆಣ್ಣೆ ನೊರೆಯೇಳುತ್ತದೆ. ಬಟ್ಟೆಯಿಂದ ಹಿಡಿಯನ್ನು ಹಿಡಿದು ಬಾಣಲೆಯನ್ನು ನಿಮ್ಮ ಕಡೆಗೆ ಸ್ವಲ್ಪ ಓರೆಮಾಡಿ, ಕೆಳಗೆ ಕೂಡಿಕೊಂಡ ಬೆಣ್ಣೆಯನ್ನು ಚಮಚದಿಂದ ಎತ್ತಿ ಮಾಂಸದ ಮೇಲೆ ಮತ್ತೆ ಮತ್ತೆ ಸುರಿಯಿರಿ. ನೊರೆ ಅಡಗುತ್ತಿದ್ದಂತೆ ಬೆಣ್ಣೆ ಹುರಿದ ಕಡಲೆಬೀಜದ ಘಮ ಬಿಡುತ್ತದೆ, ಬೆಳ್ಳುಳ್ಳಿಯ ಅಂಚು ಹೊನ್ನಾಗುತ್ತದೆ. ಇಡೀ ಅಡುಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದೂವರೆ ನಿಮಿಷ ಇದು.

ಒಳಗೆ ಎಷ್ಟು ಬೆಂದಿದೆ

ಥರ್ಮಾಮೀಟರಿನ ಕಡ್ಡಿಯನ್ನು ಮೇಲಿನಿಂದ ಚುಚ್ಚದೆ, ಪಕ್ಕದ ಅಂಚಿನಿಂದ ನಡುಭಾಗಕ್ಕೆ ತಲುಪುವಂತೆ ಚುಚ್ಚಿ. 50ರಿಂದ 52 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದನ್ನು ರೇರ್ (ಕಡಿಮೆ ಬೆಂದದ್ದು) ಎನ್ನುತ್ತಾರೆ, 54ರಿಂದ 57 ಮೀಡಿಯಂ ರೇರ್, 60ರಿಂದ 63 ಮೀಡಿಯಂ, 71 ದಾಟಿದರೆ ವೆಲ್‌ಡನ್ (ಪೂರ್ತಿ ಬೆಂದದ್ದು). ಮಾಂಸದ ಪ್ರೋಟೀನುಗಳಲ್ಲಿ ಮಯೋಸಿನ್ ಸುಮಾರು 50 ಡಿಗ್ರಿಯ ಹೊತ್ತಿಗೆ ಗಟ್ಟಿಕಟ್ಟಿಕೊಳ್ಳುವುದರಿಂದ ಹಸಿತನ ಹೋಗುತ್ತದೆ; ಆಕ್ಟಿನ್ 65 ಡಿಗ್ರಿಯ ಆಸುಪಾಸಿನಲ್ಲಿ ಬಿಗಿದುಕೊಂಡಾಗ ರಸ ಹಿಂಡಿದಂತಾಗಿ ಮಾಂಸ ಒರಟಾಗುತ್ತದೆ. ಮೃದುತ್ವ ಇರುವುದು ಈ ಎರಡರ ನಡುವೆ. ಒಲೆಯಿಂದ ಇಳಿಸಿದ ಮೇಲೂ ಹೊರಗಿನ ಕಾವು ಒಳಕ್ಕೆ ಹರಿದು ಉಷ್ಣತೆ ಇನ್ನೂ ಮೂರು ನಾಲ್ಕು ಡಿಗ್ರಿ ಏರುತ್ತದೆ, ಆದ್ದರಿಂದ ನಿಮಗೆ ಬೇಕಾದ ಅಂಕಿಗಿಂತ ಅಷ್ಟು ಮೊದಲೇ ಇಳಿಸಬೇಕು.

ಇಡಿಯಾದ ತುಂಡಿನಲ್ಲಿ ಸೂಕ್ಷ್ಮಾಣುಗಳು ಬಹುಪಾಲು ಹೊರಮೈಯಲ್ಲಿರುತ್ತವೆ ಮತ್ತು ಬಾಣಲೆಯ ಕಾವಿಗೆ ಸಾಯುತ್ತವೆ ಎಂಬ ಕಾರಣಕ್ಕೆ ಒಳಭಾಗವನ್ನು ಗುಲಾಬಿ ಬಣ್ಣದಲ್ಲಿ ತಿನ್ನುವ ರೂಢಿ ಇದೆ. ಹಾಗಿದ್ದರೂ ಅಮೆರಿಕದ ಕೃಷಿ ಇಲಾಖೆ ಇಂಥ ತುಂಡುಗಳಿಗೆ ಸೂಚಿಸುವ ಸುರಕ್ಷಿತ ಮಟ್ಟ 63 ಡಿಗ್ರಿ ಮತ್ತು ಅದರ ಮೇಲೆ ಮೂರು ನಿಮಿಷದ ವಿರಾಮ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು ಊಟಕ್ಕಿದ್ದರೆ ಇದನ್ನು ತಪ್ಪದೆ ಪಾಲಿಸಿ. ಕೊಚ್ಚಿದ ಮಾಂಸದಲ್ಲಿ ಹೊರಗಿನದೆಲ್ಲ ಒಳಗೆ ಬೆರೆತಿರುವುದರಿಂದ ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದು 71 ಡಿಗ್ರಿ ಮುಟ್ಟಲೇಬೇಕು.

ಎರಡನೆಯ ಕಾಯುವಿಕೆ

ಬೆಂದ ಮಾಂಸವನ್ನು ಬೆಚ್ಚಗಿನ ತಟ್ಟೆಗೆ ತೆಗೆದು ಐದರಿಂದ ಎಂಟು ನಿಮಿಷ ಹಾಗೇ ಬಿಡಿ. ಕೂಡಲೇ ಕೊಯ್ದರೆ ಬಿಸಿಯ ತೆಳುವಾದ ರಸ ಹಲಗೆಯ ಮೇಲೆ ಹರಿದುಹೋಗುತ್ತದೆ. ಸ್ವಲ್ಪ ತಣಿದರೆ ರಸ ಮಂದವಾಗಿ ಎಳೆಗಳ ನಡುವೆ ನಿಲ್ಲುತ್ತದೆ. ಬಿಗಿಯಾಗಿ ಮುಚ್ಚಬೇಡಿ, ಹಬೆಗೆ ಮೇಲಿನ ಗರಿಗರಿ ಪದರ ಮೆತ್ತಗಾಗುತ್ತದೆ.

ಈ ಹೊತ್ತಿನಲ್ಲಿ ಆಗಬೇಕಾದ ಕೆಲಸ ಒಂದೇ. ಬಾಣಲೆಯಲ್ಲಿ ಉಳಿದ ಬೆಣ್ಣೆಯಲ್ಲಿ ಮುಕ್ಕಾಲು ಭಾಗವನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಉಳಿದದ್ದರಲ್ಲಿ ಬೀನ್ಸ್ ಹಾಕಿ ಎರಡು ನಿಮಿಷ ಬಾಡಿಸಿ, ಒಲೆ ಆರಿಸಿ. ಆಮೇಲೆ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಈಗ ಕರೆಯಿರಿ, ಮಾತಾಡಿ. ಆರು ನಿಮಿಷ ಸುಮ್ಮನೆ ಕೂರಲು ನಮಗೆ ನಾವೇ ಅನುಮತಿ ಕೊಟ್ಟುಕೊಳ್ಳುವುದು ಕಷ್ಟ. ಮಾಂಸಕ್ಕಾಗಿ ಕಾಯುತ್ತಿದ್ದೇವೆ ಎಂಬ ನೆಪ ಸಿಕ್ಕಾಗ ಅದು ಸುಲಭವಾಗುತ್ತದೆ.

ಕೊಯ್ಯುವ ಮೊದಲು ತುಂಡನ್ನು ಬೆಳಕಿಗೆ ಹಿಡಿದು ಎಳೆಗಳು ಯಾವ ದಿಕ್ಕಿಗೆ ಓಡುತ್ತಿವೆ ನೋಡಿ, ಅವುಗಳಿಗೆ ಅಡ್ಡಲಾಗಿ ಬೆರಳುದಪ್ಪದ ಹೋಳು ಮಾಡಿ. ಎಳೆಗಳು ಗಿಡ್ಡವಾದಷ್ಟೂ ಜಗಿಯುವುದು ಸುಲಭ. ಹಲಗೆಯ ಮೇಲೆ ಸ್ವಲ್ಪ ಕೆಂಪು ರಸ ಕಂಡರೆ ಗಾಬರಿಯಾಗಬೇಡಿ, ಅದು ರಕ್ತವಲ್ಲ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಬೆರೆತ ನೀರು. ಕಾಳುಮೆಣಸನ್ನು ಈಗ ಪುಡಿಮಾಡಿ ಉದುರಿಸಿ. ಮೊದಲೇ ಹಾಕಿದ್ದರೆ ಬಾಣಲೆಯ ಕಾವಿಗೆ ಸೀಯುತ್ತಿತ್ತು. ತಟ್ಟೆಯ ಒಂದು ಬದಿಗೆ ಆಲೂಗಡ್ಡೆ, ಅದಕ್ಕೆ ಒರಗಿದಂತೆ ಮಾಂಸದ ಹೋಳುಗಳು, ಪಕ್ಕದಲ್ಲಿ ಬೀನ್ಸ್, ಎಲ್ಲದರ ಮೇಲೆ ಎತ್ತಿಟ್ಟ ಬೆಣ್ಣೆಯ ಎರಡು ಚಮಚ. ಮೊದಲ ತುತ್ತನ್ನು ಏನನ್ನೂ ಬೆರೆಸದೆ ತಿಂದು ನೋಡಿ, ಉಪ್ಪು ಒಳಗಿನವರೆಗೆ ಹೋಗಿದೆಯೇ ಎಂಬುದು ತಿಳಿಯುತ್ತದೆ. ಮುಂದಿನ ಸಲ ಉಪ್ಪನ್ನು ಹೆಚ್ಚಿಸಬೇಕೋ ಕಾಯುವ ಸಮಯವನ್ನು ಹೆಚ್ಚಿಸಬೇಕೋ ಎಂಬುದಕ್ಕೆ ಆ ತುತ್ತೇ ಉತ್ತರ.

ಊಟದ ನಂತರ

ಮಿಕ್ಕ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಬಿಸಿಮಾಡಿದರೆ ಅದು ಗಟ್ಟಿಯಾಗುತ್ತದೆ, ತೆಳ್ಳಗೆ ಹೆಚ್ಚಿ ತಣ್ಣಗೇ ಸೊಪ್ಪುತರಕಾರಿಯ ಸಲಾಡಿಗೆ ಬೆರೆಸುವುದು ಮೇಲು. ಹಸಿ ಮಾಂಸ ಮುಟ್ಟಿದ ಹಲಗೆ, ತಟ್ಟೆ, ಇಕ್ಕಳಗಳನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ.

ಬಾಣಲೆಯನ್ನು ಮಾತ್ರ ನಾಳೆಗೆ ಬಿಡಬೇಡಿ. ಎರಕದ ಕಬ್ಬಿಣದ ಬಾಣಲೆ ಇನ್ನೂ ಬೆಚ್ಚಗಿರುವಾಗಲೇ ಬಿಸಿನೀರು ಹಾಕಿ ಬ್ರಷ್ಷಿನಿಂದ ಉಜ್ಜಿದರೆ ತಳಕ್ಕೆ ಹತ್ತಿದ್ದು ಸುಲಭವಾಗಿ ಬಿಡುತ್ತದೆ. ತುಸು ಸೋಪು ಬಳಸಿದರೂ ತೊಂದರೆಯಿಲ್ಲ, ನೆನೆಹಾಕುವುದು ಮಾತ್ರ ತುಕ್ಕಿಗೆ ದಾರಿ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ಸಣ್ಣ ಉರಿಯ ಮೇಲೆ ಎರಡು ನಿಮಿಷ ಇಟ್ಟು ಉಳಿದ ತೇವವನ್ನು ಆರಿಸಿ, ಕಾಲು ಚಮಚ ಎಣ್ಣೆಯನ್ನು ಒಳಗೆಲ್ಲ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಮೈ ಕಪ್ಪಗೆ ಮಿರಿಮಿರಿ ಮಿಂಚತೊಡಗಿದಾಗ ಒಲೆ ಆರಿಸಿ, ಅದು ತಣಿಯುವವರೆಗೆ ಅಲ್ಲೇ ಇರಲಿ.